ಎಕ್ಸ್‌ರೇ ಸರಿ ಇದ್ದರೆ ಮೊಣಕಾಲೂ ಸರಿ ಇದೆ ಅಂತಲ್ಲ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳ ಹೊತ್ತು ಬಂತು. ಕಬಡ್ಡಿ ಆಡುವ ಮಕ್ಕಳ ತಂದೆ ತಾಯಿಗೆ, ಪಂದ್ಯ ನಡೆಸುವವರಿಗೆ ಒಂದು ಮಾತು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ನಾನು ಬೆಟಗೇರಿಯಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಮಗಳು ಹತ್ತನೇ ತರಗತಿ, ತಂಡದಲ್ಲಿ ರೇಡರ್.

ಹೋದ ಶ್ರಾವಣದಲ್ಲಿ ಒಂದು ಪಂದ್ಯ. ಗೆರೆ ಮುಟ್ಟಲು ಹೊರಳಿದಾಗ ಅವಳ ಎಡಗಾಲು ನೆಲಕ್ಕೆ ಊರಿತ್ತು. ಎದುರು ತಂಡದ ಹುಡುಗಿ ಹೊರಮಗ್ಗಲಿನಿಂದ ಸೀದಾ ಮೊಣಕಾಲಿನ ಮೇಲೆ ಬಿದ್ದಳು. ಒಳಮಗ್ಗಲಲ್ಲಿ ಚಳಕ್ ಅಂದಿತು. ಮೈದಾನದಲ್ಲಿ ಪೆಂಡಾಲ್ ಇತ್ತು, ಮೈಕ್ ಇತ್ತು, ಆಳೆತ್ತರದ ಶೀಲ್ಡ್ ಇತ್ತು. ಒಂದು ತುಂಡು ಐಸ್ ಇರಲಿಲ್ಲ.

ಸಂಜೆ ಉಳುಕು ತೆಗೆಯುವ ಹಿರಿಯರೊಬ್ಬರನ್ನು ನಾನೇ ಕರೆಸಿದೆ. "ನರ ಹೊರಳೈತಿ, ಎಳದ್ರ ಕುಂದರ್ತೈತಿ" ಅಂದರು. ಬಿಸಿ ಎಣ್ಣೆ ಹಚ್ಚಿ ತಿಕ್ಕಿ, ಕಾಲು ಹಿಡಿದು ಎಳೆದರು. ಮಗಳು ನನ್ನ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಬೆಳಿಗ್ಗೆ ನೋಡಿದರೆ ಚಿಪ್ಪೇ ಕಾಣದಷ್ಟು ಬಾವು. ಆ ಹಿರಿಯರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಲ್ಲಿ ಹೊರಳಿದ್ದು ನರವಲ್ಲ, ಹರಿದದ್ದು ಲಿಗಮೆಂಟ್, ಅಂದರೆ ಎಲುಬಿಗೆ ಎಲುಬು ಬಿಗಿದಿಡುವ ಪಟ್ಟಿ.

ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದರು. "ಎಲುಬು ಚೆನ್ನಾಗಿದೆ, ರೆಸ್ಟ್ ಮಾಡ್ಲಿ" ಅಂದು ಮಾತ್ರೆ ಕೊಟ್ಟು ಕಳಿಸಿದರು. ನಾವು ನೆಮ್ಮದಿಯಿಂದ ವಾಪಸ್ ಬಂದೆವು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದೇ ಇಲ್ಲ ಅಂತ ಆಗ ನಮಗೆ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ.

ಒಂದು ತಿಂಗಳು ಹಾಸಿಗೆಯಲ್ಲಿ ಇಟ್ಟೆ. ನೋವು ಇಳಿಯಿತು, ಆದರೆ ಮೆಟ್ಟಿಲು ಇಳಿಯುವಾಗ ಕಾಲು ಸೋಲುತ್ತಿತ್ತು. ಆಮೇಲೆ ಹುಬ್ಬಳ್ಳಿಗೆ ಹೋದೆವು. ಅಲ್ಲಿನ ಡಾಕ್ಟರು ಮೊದಲು ಕೈಯಿಂದಲೇ ನೋಡಿದರು. ಮೊಣಕಾಲು ಸ್ವಲ್ಪ ಮಡಚಿ, ಒಂದು ಕೈ ಹೊರಗಿನಿಂದ ಒತ್ತಿ, ಇನ್ನೊಂದು ಕೈಯಲ್ಲಿ ಕಣಕಾಲನ್ನು ಹೊರಕ್ಕೆ ತಂದು, ಒಳಮಗ್ಗಲು ಎಷ್ಟು ಬಿಚ್ಚುತ್ತದೆ ಅಂತ ನೋಡಿದರು. ಬಲಗಾಲಿಗೂ ಹಾಗೇ ಮಾಡಿ ಹೋಲಿಸಿದರು. ನಾನು ಬಟ್ಟೆಯ ಎರಡೂ ಕಡೆ ಹಿಡಿದು ಎಳೆದು ಹೊಲಿಗೆ ನೋಡುತ್ತೇನಲ್ಲ, ಥೇಟ್ ಹಾಗೆ. ಹೊಲಿಗೆ ಬರೀ ಜಗ್ಗಿದ್ದರೆ ಒಂದನೇ ಹಂತ. ಅರ್ಧ ಎಳೆಗಳು ಹರಿದಿದ್ದರೆ ಎರಡನೇ ಹಂತ. ಪೂರಾ ಬಿಚ್ಚಿಕೊಂಡಿದ್ದರೆ ಮೂರನೇದು. ಮಗಳದ್ದು ಎರಡನೇ ಹಂತ. ಎಂಆರ್‌ಐಯಲ್ಲೂ ಅದೇ ಬಂತು.

ಆಪರೇಷನ್ ಬೇಕಾಗಲಿಲ್ಲ. ಒಳಮಗ್ಗಲಿನ ಲಿಗಮೆಂಟಿಗೆ ರಕ್ತದ ಓಡಾಟ ಚೆನ್ನಾಗಿರುತ್ತದಂತೆ, ಬ್ರೇಸ್ ಅನ್ನುವ ಆಸರೆಪಟ್ಟಿ ಹಾಕಿ ವ್ಯಾಯಾಮ ಮಾಡಿಸಿದರೆ ಹೆಚ್ಚಿನವರಿಗೆ ತಾನೇ ಕೂಡಿಕೊಳ್ಳುತ್ತದೆ. ಮೊಣಕಾಲಿನ ನಡುವೆ ಇರುವ ಎಸಿಎಲ್ ಅನ್ನುವ ಲಿಗಮೆಂಟ್ ಹಾಗಲ್ಲ. ಅದು ಪೂರಾ ಹರಿದರೆ ತಾನಾಗಿ ಸರಿಯಾಗಿ ಕೂಡುವುದು ಕಡಿಮೆ. ಮತ್ತೆ ಕಬಡ್ಡಿ ಆಡಬೇಕು ಅನ್ನುವವರಿಗೆ ಸಾಮಾನ್ಯವಾಗಿ ತೊಡೆಯ ಹಿಂದಿನ ಸ್ನಾಯುವಿನ ತುದಿ ತೆಗೆದು ಹೊಸ ಲಿಗಮೆಂಟ್ ಕಟ್ಟುತ್ತಾರೆ. ಅಂಕಣಕ್ಕೆ ಮರಳಲು ಕನಿಷ್ಠ 9 ತಿಂಗಳು. ಇಂಥ ಆಟಗಳಲ್ಲಿ ಎಸಿಎಲ್ ಹರಿಯುವುದು ಹುಡುಗರಿಗಿಂತ ಹುಡುಗಿಯರಿಗೇ ಜಾಸ್ತಿ.

ನನ್ನನ್ನು ಹೆದರಿಸಿದ್ದು ತೊಡೆ. ಫಿಸಿಯೋಥೆರಪಿಯವರು ಟೇಪ್ ಹಿಡಿದು ಅಳೆದರು. ಚಿಪ್ಪಿನಿಂದ ಒಂದು ಗೇಣು ಮೇಲೆ ಬಲತೊಡೆ 18 ಇಂಚು, ಎಡದ್ದು 17 ಕೂಡ ಇಲ್ಲ. ಒಂದು ತಿಂಗಳು ಸುಮ್ನೆ ಮಲಗಿಸಿದ್ದಕ್ಕೆ ಹಾಗಾಗಿತ್ತು. ಅವತ್ತಿನಿಂದ ಟವಲ್ ಸುರುಳಿ ಸುತ್ತಿ ಮೊಣಕಾಲ ಕೆಳಗಿಟ್ಟು ಒತ್ತುವುದು, ಕಾಲು ನೇರವಾಗಿ ಎತ್ತಿ ಹತ್ತು ಎಣಿಸುವುದು ಶುರುವಾಯಿತು. ಮಷೀನಿನ ಪಕ್ಕದಲ್ಲೇ ಚಾಪೆ ಹಾಸಿದೆ. ಅವಳು ಎಣಿಸುತ್ತಿದ್ದಳು, ನಾನು ಹೊಲಿಯುತ್ತಿದ್ದೆ. ಪ್ರತಿ ಭಾನುವಾರ ನನ್ನ ಟೇಪಿನಲ್ಲಿ ತೊಡೆ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಎರಡೂ ಸರಿಸಮ ಆಗಲು ಸಂಕ್ರಾಂತಿ ದಾಟಿತು.

ಆದ್ದರಿಂದ ಕೇಳಿಕೊಳ್ಳುತ್ತೇನೆ, ಹೊಸ ಪೆಟ್ಟಿಗೆ ಮೊದಲ ಎರಡು ಮೂರು ದಿನ ತಿಕ್ಕಬೇಡಿ, ಎಳೆಯಬೇಡಿ, ಕಾಸಬೇಡಿ. ಒದ್ದೆ ಬಟ್ಟೆಯಲ್ಲಿ ಐಸ್ ಸುತ್ತಿ 15–20 ನಿಮಿಷ ಇಡಿ, ದಿನಕ್ಕೆ ನಾಲ್ಕೈದು ಸಲ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬುಗಳ ಮೇಲೆ ಎತ್ತರಕ್ಕಿಡಿ. ಬೀಳುವಾಗ ಒಳಗೆ ಟಪ್ ಅಂದಿದ್ದರೆ, ಎರಡು ತಾಸಿನಲ್ಲೇ ಬಾತರೆ, ಕಾಲೂರಲು ಆಗದಿದ್ದರೆ, ಮೊಣಕಾಲು ಮಡಚಿದಲ್ಲೇ ಸಿಕ್ಕಿಕೊಂಡರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಪಾದ ತಣ್ಣಗಾದರೆ, ಜೋಮು ಹಿಡಿದರೆ ಒಂದು ನಿಮಿಷವೂ ಕಾಯಬೇಡಿ. ಎಕ್ಸ್‌ರೇ ಸರಿ ಇದೆ ಅಂದರೆ "ಲಿಗಮೆಂಟ್ ನೋಡಿದ್ರಾ?" ಅಂತ ಬಾಯಿಬಿಟ್ಟು ಕೇಳಿ. ನಾನು ಕೇಳಲಿಲ್ಲ, ಅಲ್ವಾ, ಅದಕ್ಕೇ ಮಗಳ ಒಂದು ತಿಂಗಳು ಹೋಯಿತು.

ತಾಲ್ಲೂಕು ಕ್ರೀಡಾಕೂಟ ನಡೆಸುವವರು ಮೈದಾನದಲ್ಲಿ ಒಂದು ಐಸ್ ಡಬ್ಬಿ, ನಾಲ್ಕು ಕ್ರೇಪ್ ಬ್ಯಾಂಡೇಜ್, ಅದನ್ನು ಕಟ್ಟಲು ಬರುವ ಒಬ್ಬರನ್ನು ಇಡಲಿ. ಶೀಲ್ಡಿನ ಖರ್ಚಿನ ಮುಂದೆ ಇದು ಏನೂ ಅಲ್ಲ. ನಮ್ಮ ಓಣಿಯ ಪಂದ್ಯಕ್ಕೆ ಈ ಸಲ ಡಬ್ಬಿ ನಾನೇ ಕೊಡುತ್ತೇನೆ. ಮಗಳು ಮತ್ತೆ ರೇಡಿಗೆ ಹೋಗುತ್ತಿದ್ದಾಳೆ.

— ಒಬ್ಬ ತಾಯಿ, ಬೆಟಗೇರಿ, ಗದಗ