ಪುಟ್ಟಿಯ ತೂಕದ ವಿಚಾರವಾಗಿ

ಲಿವರ್‌ಪೂಲ್
16-9-2025

ತೀರ್ಥರೂಪು ಅಪ್ಪಾಜಿಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಅಮ್ಮನಿಗೂ ತಿಳಿಸಿ. ಇತ್ತ ನಾನು ಕ್ಷೇಮ, ಅತ್ತ ನೀವೆಲ್ಲ ಕ್ಷೇಮವಾಗಿರಿ ಅಂತ ತಾಯಿ ಚಾಮುಂಡಿಯನ್ನು ಬೇಡುತ್ತೇನೆ.

ನಿಮ್ಮ ಕಾಗದ ಹೋದ ಗುರುವಾರ ಕೈಸೇರಿತು. ಫೋನಲ್ಲಿ ಮಾತಾಡಿದರೆ ಪುಟ್ಟಿಯ ಕಿವಿಗೆ ಬೀಳುತ್ತದೆ ಅಂತ ಬರೆದಿದ್ದೀರಿ, ಅರ್ಥವಾಯಿತು. ನಾಲ್ಕು ಸಲ ಓದಿದೆ. ಕೆ.ಆರ್. ಪೇಟೆಯ ಗಂಡಿನ ಕಡೆಯವರು ಮಾರ್ಲಮಿ ಕಳೆಯಲಿ ಅಂತ ಕಾಯುತ್ತಿದ್ದಾರೆ, ಹುಡುಗ ಒಳ್ಳೆಯವನು, ಎರಡು ಎಕರೆ ನೀರಾವರಿ ಇದೆ. ಎಲ್ಲ ಸರಿ. ಆದರೆ ಅವರು ಹಾಕಿರುವ ಎರಡು ಮಾತು, ಬಾಕ್ಸಿಂಗ್ ಬಿಡಬೇಕು, ಧಾರೆ ಹೊತ್ತಿಗೆ ಹದಿನೈದು ಕೆಜಿ ಇಳಿಸಬೇಕು. ಅದನ್ನು ಪುಟ್ಟಿಗೆ ನಾನು ಹೇಳಬೇಕು ಅಂತ ನಿಮ್ಮ ಆಸೆ. ‘ನೀನು ಹೇಳಿದರೆ ಕೇಳುತ್ತಾಳೆ’ ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀರಿ. ಆ ಗೆರೆ ನೋಡಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಉತ್ತರ ಹೇಳುವ ಮುಂಚೆ ಶನಿವಾರ ನಾನು ಕಣ್ಣಾರೆ ಕಂಡದ್ದನ್ನು ಹೇಳಿಬಿಡುತ್ತೇನೆ. ಈ ಊರಲ್ಲಿ ಹೆಂಗಸರ, ಗಂಡಸರ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆಯಿತು, ಹನ್ನೊಂದು ದಿನ. ಜಾಗ ಮರ್ಸಿ ನದಿ ದಂಡೆಯ ಮೇಲಿನ ದೊಡ್ಡ ಒಳಾಂಗಣ. ಪುಟ್ಟಿ ತಿಂಗಳಿನಿಂದಲೂ ಮೆಸೇಜ್ ಮಾಡುತ್ತಿದ್ದಳು, ‘ಅಕ್ಕ, ನೂಪುರ್‌ದು ನೋಡು, ನೂಪುರ್‌ದು ಒಂದು ನೋಡು’ ಅಂತ. ಬೆಳಗಿನ ಡ್ಯೂಟಿ ಮುಗಿಸಿ ಬಸ್ಸು ಹತ್ತಿ ಹೋದೆ. ಇಲ್ಲಿ ಬಸ್ಸಿನ ಡ್ರೈವರು ಗುರುತು ಪರಿಚಯ ಇಲ್ಲದವರನ್ನೂ ‘ಲವ್’ ಅಂತ ಕರೆಯುತ್ತಾರೆ. ಇಳಿಯುವವರು ಎಲ್ಲರೂ ಅವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಸಾಯಂಕಾಲದ ಊಟಕ್ಕೆ ‘ಟೀ’ ಅನ್ನುತ್ತಾರೆ. ಬಂದ ಹೊಸದರಲ್ಲಿ ವಾರ್ಡಿನವರು ಟೀಗೆ ಕರೆದರು ಅಂತ ಊಟ ಮಾಡಿಕೊಂಡು ಹೋದೆನಲ್ಲ, ಅಮ್ಮನಿಗೆ ನೆನಪಿರಬೇಕು. ಒಳ್ಳೆಯ ಜನ, ನಮ್ಮ ಮೈಸೂರಿನವರ ಹಾಗೆ ಬಾಯಿತುಂಬ ಮಾತು.

ನೂಪುರ್ ಶೆವರಾನ್ ಅಂದರೆ ಹರಿಯಾಣದ ಭಿವಾನಿಯ ಹುಡುಗಿ. 80 ಕೆಜಿಗೆ ಮೇಲ್ಪಟ್ಟವರ ವರ್ಗ, ನಮ್ಮ ಪುಟ್ಟಿಯದೇ ವರ್ಗ. ಕ್ವಾರ್ಟರ್ ಫೈನಲ್‌ನಲ್ಲಿ ಉಜ್ಬೇಕಿಸ್ತಾನದವಳನ್ನು 4-1ರಲ್ಲಿ, ಸೆಮಿಫೈನಲ್‌ನಲ್ಲಿ ಟರ್ಕಿಯವಳನ್ನು 5-0ಯಲ್ಲಿ ಸೋಲಿಸಿ ಫೈನಲ್‌ಗೆ ಬಂದಿದ್ದಳು. ಎದುರಾಳಿ ಪೋಲೆಂಡಿನ ಅಗಾಟಾ ಕಾಚ್ಮಾರ್ಸ್ಕಾ.

ಅಪ್ಪಾಜಿ, ಅವಳು ರಿಂಗಿಗೆ ನಡೆದು ಬಂದದ್ದನ್ನು ನೀವು ನೋಡಬೇಕಿತ್ತು. ಕತ್ತೆತ್ತಿಕೊಂಡು, ಎದೆ ಬಿಚ್ಚಿ, ಇಡೀ ಮೈಯನ್ನು ನೆಟ್ಟಗೆ ಹೊತ್ತುಕೊಂಡು ಬಂದಳು. ನನಗೆ ಪುಟ್ಟಿಯ ಹೈಸ್ಕೂಲಿನ ಗ್ರೂಪ್ ಫೋಟೋ ನೆನಪಾಗಿ ಗಂಟಲು ಕಟ್ಟಿತು. ಹಿಂದಿನ ಸಾಲಲ್ಲಿ ಮಂಡಿ ಮಡಚಿ, ಭುಜ ಕುಗ್ಗಿಸಿ, ಪಕ್ಕದ ಹುಡುಗಿಯ ಅಳತೆಗೆ ತನ್ನನ್ನು ಇಳಿಸಿಕೊಂಡು ನಿಂತಿದ್ದಾಳಲ್ಲ, ಆ ಫೋಟೋ. ಟೈಲರ್ ಅಂಗಡಿಯಲ್ಲಿ ಅಳತೆ ಟೇಪು ಸುತ್ತುವಾಗ ಒಬ್ಬರು ಏನೋ ಅಂದರು ಅಂತ ಚೂಡಿದಾರ ಹೊಲಿಸುವುದನ್ನೇ ಒಂದು ವರ್ಷ ಬಿಟ್ಟಿದ್ದಳು. ಅವಳು ನೆಟ್ಟಗೆ ನಿಲ್ಲಲು ಶುರು ಮಾಡಿದ್ದು ಗ್ಲೌಸ್ ಹಾಕಿದ ಮೇಲೆ. ನೀವೇ ಒಂದು ಸಲ ಅಂದಿದ್ದಿರಿ, ‘ಇವಳ ನಡಿಗೆ ನಮ್ಮಪ್ಪನ ನಡಿಗೆ’ ಅಂತ.

ಮೂರು ನಿಮಿಷದ ಮೂರು ರೌಂಡು, ನಡುವೆ ಒಂದೊಂದು ನಿಮಿಷ ಬಿಡುವು. ಎತ್ತರ ನಮ್ಮವಳಿಗೇ ಜಾಸ್ತಿ. ಪೋಲೆಂಡಿನವಳು ಅದಕ್ಕೆ ಅವಕಾಶವನ್ನೇ ಕೊಡದೆ ತಲೆ ತಗ್ಗಿಸಿ ಒಳಗೆ ನುಗ್ಗಿ ನುಗ್ಗಿ ಬರುತ್ತಿದ್ದಳು. ಟಿವಿಯಲ್ಲಿ ಕೇಳಿಸದ ಒಂದು ಸದ್ದು ಅಲ್ಲಿ ಕೇಳುತ್ತದೆ. ಪ್ರತಿ ಹೊಡೆತಕ್ಕೂ ಮೂಗಿನಿಂದ ‘ಹುಸ್’ ಅಂತ ಉಸಿರು ಬಿಡುತ್ತಾರೆ, ಗರಡಿಯಲ್ಲಿ ತಾತ ದಂಡ ಹೊಡೆಯುವಾಗ ಬರುತ್ತಿತ್ತಲ್ಲ, ಅದೇ ಸದ್ದು. ನನ್ನ ಪಕ್ಕ ಪೋಲೆಂಡಿನ ಒಬ್ಬ ಹೆಂಗಸು ಬಾವುಟ ಹೊದ್ದು ಕೂತಿದ್ದರು. ಕೊನೆಯ ರೌಂಡಿನಲ್ಲಿ ಇಬ್ಬರೂ ಕೂಗುವುದು ಬಿಟ್ಟು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನೋಡಿದೆವು. ಕೊನೆಗೆ ರೆಫರಿ ಇಬ್ಬರ ಮಣಿಕಟ್ಟನ್ನೂ ಹಿಡಿದು ನಿಂತರು. ಐದು ಜನ ತೀರ್ಪುಗಾರರಲ್ಲಿ ಇಬ್ಬರು ನಮ್ಮವಳ ಕಡೆ, ಮೂವರು ಆ ಕಡೆ. ಎದ್ದದ್ದು ಪೋಲೆಂಡಿನವಳ ಕೈ. ನನಗೆ ಅಳು ಬಂತು. ನೂಪುರ್‌ಗೆ ಬೆಳ್ಳಿ. ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿ ಅಂದರೆ ಸಾಮಾನ್ಯವೇ? ಅದೇ ದಿನ 57 ಕೆಜಿಯಲ್ಲಿ ಜಾಸ್ಮಿನ್ ಚಿನ್ನ ಗೆದ್ದಳು, ಮಾರನೇ ದಿನ 48 ಕೆಜಿಯಲ್ಲಿ ಮೀನಾಕ್ಷಿ. ದೇಶಕ್ಕೆ ಬಂದ ನಾಲ್ಕು ಪದಕವೂ ಹೆಣ್ಣುಮಕ್ಕಳದ್ದೇ.

ಇನ್ನೊಂದು ವಿಷಯ, ಇದು ನಿಮಗೆ ಹಿಡಿಸುತ್ತದೆ. ಈ ನೂಪುರ್ ಯಾರ ಮೊಮ್ಮಗಳು ಗೊತ್ತೇ? ಕ್ಯಾಪ್ಟನ್ ಹವಾ ಸಿಂಗ್ ಮೊಮ್ಮಗಳು. ಸೈನ್ಯದಲ್ಲಿದ್ದವರು, 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಹೆವಿವೇಯ್ಟ್ ಚಿನ್ನ, ಎರಡೂ ಬ್ಯಾಂಕಾಕ್‌ನಲ್ಲಿ. ಭಿವಾನಿಯಲ್ಲಿ ಇವತ್ತು ಮನೆಮನೆಯಲ್ಲಿ ಬಾಕ್ಸರ್‌ಗಳಿರುವುದಕ್ಕೆ ಅವರೂ ಕಾರಣ. ದ್ರೋಣಾಚಾರ್ಯ ಪ್ರಶಸ್ತಿ ಕೈಗೆ ಬರಲು ಇನ್ನು ಕೆಲವೇ ದಿನ ಇದ್ದಾಗ, 2000ದ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಮಗ ಸಂಜಯ್ ತಮ್ಮ ಮಗಳಿಗೆ ತಾವೇ ಕಲಿಸಿದರು. ನಮ್ಮ ತಾತ ಪುಟ್ಟಿಯನ್ನು ನೋಡದೆ ಹೋದರು. ದಸರಾ ಕುಸ್ತಿಯಲ್ಲಿ ಅವರು ಜೋಡಿ ಕಟ್ಟಿದ ಕಥೆಯನ್ನು ನೀವು ಬಂದವರಿಗೆಲ್ಲ ಹೇಳುತ್ತೀರಿ. ಅದೇ ಮೈಕಟ್ಟು ಮೊಮ್ಮಗಳಿಗೆ ಬಂದರೆ ಹದಿನೈದು ಕೆಜಿ ಕಳೆಯಬೇಕಾದ ಐಬು ಹೇಗಾಗುತ್ತದೆ ಅಪ್ಪಾಜಿ? ಕೋಪಕ್ಕೆ ಕೇಳುತ್ತಿಲ್ಲ, ನೀವು ಯೋಚನೆ ಮಾಡಲಿ ಅಂತ ಕೇಳುತ್ತಿದ್ದೇನೆ.

ತೂಕದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ವಿನೇಶ್ ಫೋಗಟ್ 100 ಗ್ರಾಮ್ ಹೆಚ್ಚಾಯಿತು ಅಂತ ಫೈನಲ್ ಕಳೆದುಕೊಂಡಾಗ ನೀವು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೆಳಗಿನ ವರ್ಗದವರಿಗೆಲ್ಲ ಆ ಕಾಟ ಇದ್ದೇ ಇದೆ. ತೂಕಕ್ಕೆ ಮುಂಚೆ ಉಪವಾಸ, ನೀರು ಬಿಡುವುದು, ಬೆವರು ಹರಿಸುವುದು. ನರ್ಸ್ ಆಗಿ ಹೇಳುತ್ತೇನೆ, ಅದು ದೇಹಕ್ಕೆ ಒಳ್ಳೆಯದಲ್ಲ. 80ರ ಮೇಲಿನ ವರ್ಗ ಒಂದರಲ್ಲಿ ಮಾತ್ರ ಹುಡುಗಿ ಹೊಟ್ಟೆತುಂಬ ಉಂಡು ತಕ್ಕಡಿ ಮೇಲೆ ನಿಲ್ಲಬಹುದು. ಪುಟ್ಟಿ ಬೆಳಿಗ್ಗೆ ಐದಕ್ಕೆ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು ಬಂದು ಅಮ್ಮನ ಕೈಯ ಮುದ್ದೆ ಎರಡು ತಿನ್ನುತ್ತಾಳೆ, ಅದು ಅವಳ ಬಲ. ಅವಳ ಬಿಪಿ, ಶುಗರ್, ರಕ್ತ ಎಲ್ಲ ಯುಗಾದಿಗೆ ಬಂದಾಗ ನಾನೇ ಮಾಡಿಸಿದ್ದೆ. ಎಲ್ಲವೂ ಚೆನ್ನಾಗಿದೆ, ನನಗಿಂತ ಚೆನ್ನಾಗಿದೆ.

‘ಒಲಿಂಪಿಕ್ಸಲ್ಲೇ ಇಲ್ಲದ ತೂಕಕ್ಕೆ ಯಾಕೆ ಗುದ್ದಾಡಬೇಕು’ ಅಂತ ಕೇಳಿದ್ದೀರಿ. ನಿಜ, ಪ್ಯಾರಿಸ್‌ನಲ್ಲಿ ಹೆಂಗಸರಿಗೆ 75 ಕೆಜಿಯೇ ಕೊನೆ. ಇದನ್ನು ನಾನು ಮುಚ್ಚಿಡುವುದಿಲ್ಲ, ಪುಟ್ಟಿಗೂ ಗೊತ್ತು. ಆದರೂ ಈ ದಾರಿಯಲ್ಲಿ ಹೋದವರಿದ್ದಾರೆ. ಭಿವಾನಿ ಕಡೆಯ ಕವಿತಾ ಚಹಲ್ 81ರ ಮೇಲಿನ ವರ್ಗದಲ್ಲಿ 2010 ಮತ್ತು 2012, ಎರಡು ಸಲ ವಿಶ್ವ ಚಾಂಪಿಯನ್‌ಷಿಪ್ ಕಂಚು ತಂದು ಅರ್ಜುನ ಪ್ರಶಸ್ತಿ ಪಡೆದರು. ಹಿಸಾರ್‌ನ ಸವೀಟಿ ಬೂರಾ ಮೊದಲು ಕಬಡ್ಡಿ ಆಡುತ್ತಿದ್ದವರು. 81 ಕೆಜಿಯಲ್ಲಿ 2014ರಲ್ಲಿ ಬೆಳ್ಳಿ, ಚಿನ್ನಕ್ಕೆ 2023ರವರೆಗೆ ಕಾದರು, ಒಂಬತ್ತು ವರ್ಷ. ಆ ವರ್ಗದಲ್ಲಿ ಸ್ಪರ್ಧಿಗಳೇ ಕಡಿಮೆ, ಒಂದು ಪಂದ್ಯ ಗೆದ್ದರೆ ಪದಕ ಅಂತ ದೊಡ್ಡಪ್ಪ ಹೇಳಬಹುದು. ಯಾಕೆ ಕಡಿಮೆ? ದಪ್ಪ ಹುಡುಗಿಯನ್ನು ಮೈದಾನಕ್ಕೆ ಕಳಿಸಲು ಮನೆಯವರಿಗೆ ನಾಚಿಕೆ. ನೀವು ನಾಚಲಿಲ್ಲ. ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಮೊದಲ ದಿನ ಕೋಚ್ ಹತ್ತಿರ ಕರೆದುಕೊಂಡು ಹೋದವರು ನೀವೇ.

ಪೂಜಾ ರಾಣಿಯ ಸಂಗತಿ ಹೇಳಿ ಮುಗಿಸುತ್ತೇನೆ. ಅವರೂ ಭಿವಾನಿಯವರೇ, ಈ ಸಲ 80 ಕೆಜಿಯಲ್ಲಿ ಕಂಚು. ಶುರುವಿನಲ್ಲಿ ಅಪ್ಪನಿಗೆ ಹೆದರಿ ಗುಟ್ಟಾಗಿ ಕಲಿಯುತ್ತಿದ್ದರಂತೆ. ಮುಖಕ್ಕೆ ಪೆಟ್ಟು ಬಿದ್ದ ದಿನ ಮನೆಗೆ ಹೋಗದೆ ಗೆಳತಿಯ ಮನೆಯಲ್ಲಿ ಉಳಿಯುತ್ತಿದ್ದರಂತೆ. ನಮ್ಮ ಪುಟ್ಟಿ ಪೆಟ್ಟು ಬಿದ್ದ ದಿನ ನೇರ ನಿಮ್ಮ ಹತ್ತಿರವೇ ಬಂದು ಐಸ್ ಇಡಿಸಿಕೊಳ್ಳುತ್ತಾಳೆ. ಅದು ಹಾಗೇ ಉಳಿಯಲಿ ಅಪ್ಪಾಜಿ.

ಅದಕ್ಕೇ ಹೇಳುತ್ತಿದ್ದೇನೆ, ಬಿಡು ಅಂತ ನಾನು ಅವಳಿಗೆ ಹೇಳಲಾರೆ. ಮದುವೆ ಬೇಡ ಅನ್ನುತ್ತಿಲ್ಲ. ಹುಡುಗನೇ ಒಂದು ದಿನ ಬಂದು ಅವಳ ಪ್ರಾಕ್ಟೀಸ್ ನೋಡಲಿ, ಅವಳ ಹತ್ತಿರವೇ ಮಾತಾಡಲಿ. ಮೇರಿ ಕೋಮ್ ಮದುವೆಯಾಗಿ ಮಕ್ಕಳಾದ ಮೇಲೂ ವಿಶ್ವ ಚಾಂಪಿಯನ್ ಆದರು ಅಂತ ಅವರ ಮನೆಯವರಿಗೂ ಹೇಳಿ. ಕೇಳಿ ಒಪ್ಪಿದರೆ ಅವನಂಥ ಹುಡುಗ ಸಿಕ್ಕುವುದಿಲ್ಲ, ನಾನೇ ರಜೆ ಹಾಕಿ ಬರುತ್ತೇನೆ. ಒಪ್ಪದಿದ್ದರೆ ಬಿಡಿ, ಅವಳಿಗಿನ್ನೂ ಇಪ್ಪತ್ತೊಂದು. ಆದರೆ ಪುಟ್ಟಿಯನ್ನು ಕೇಳದೆ, ದಯವಿಟ್ಟು, ಅವಳ ತೂಕದ ಮೇಲೆ ಯಾರಿಗೂ ಮಾತು ಕೊಡಬೇಡಿ.

ದುಡ್ಡಿನ ಯೋಚನೆ ಬೇಡ. ಅವಳ ಕ್ಯಾಂಪಿನ ಖರ್ಚು, ಶೂಸು, ಓಡಾಟ ಎಲ್ಲ ನನ್ನದು. ನನಗೇನೂ ತೊಂದರೆ ಇಲ್ಲ, ನಿಜವಾಗಲೂ ಇಲ್ಲ. ಜ್ವರ ಬಂದದ್ದು ಎರಡೇ ದಿನ, ಹೋಯಿತು. ಅಮ್ಮ ಸುಮ್ಮನೆ ಹರಕೆ ಹೊರುವುದು ಬೇಡ. ದಿನಾ ಬಿಸಿ ಊಟ ಮಾಡುತ್ತೇನೆ, ಸ್ವೆಟರ್ ಹಾಕುತ್ತೇನೆ, ರಾತ್ರಿ ಡ್ಯೂಟಿ ಇದ್ದರೆ ಜೊತೆಯವರ ಕಾರಿನಲ್ಲೇ ಬರುತ್ತೇನೆ.

ಭಾನುವಾರ ಅಮಾವಾಸ್ಯೆ. ತಾತನ ಎಡೆಗೆ ಪಂಚೆ, ಬಾಡೂಟ, ಎಲ್ಲ ಇಡುತ್ತೀರಲ್ಲ, ಅದರ ಪಕ್ಕ ಪುಟ್ಟಿಯ ಗ್ಲೌಸನ್ನೂ ಇಡಿಸಿ. ನನ್ನ ಹೆಸರಲ್ಲಿ ಒಂದು ಕಡ್ಡಿ ಹಚ್ಚಿ.

ಬೆಂಗಳೂರಿಗೆ ಹೊರಟಿರುವ ನಮ್ಮ ವಾರ್ಡಿನವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ಅಂಚೆಗೆ ಹಾಕಿದರೆ ಹಬ್ಬಕ್ಕೆ ಮುಂಚೆ ಸೇರಲ್ಲ. ಅಮ್ಮನ ಮಂಡಿಗೆ ಹಚ್ಚುವ ಮುಲಾಮು ಎರಡು ಟ್ಯೂಬು ಜೊತೆಯಲ್ಲಿದೆ, ನೀಲಿ ಪೊಟ್ಟಣ ಪುಟ್ಟಿಗೆ, ಕೈಗೆ ಸುತ್ತುವ ಪಟ್ಟಿ. ಅವರು ಕೆಳಗೆ ಬಂದು ಬೆಲ್ ಮಾಡುತ್ತಿದ್ದಾರೆ. ಭಾನುವಾರ ಫೋನ್ ಮಾಡುತ್ತೇನೆ, ಆಗ ಪುಟ್ಟಿಯೂ ಪಕ್ಕದಲ್ಲಿರಲಿ.

ಇಂತಿ ನಿಮ್ಮ ದೊಡ್ಡಮಗಳು