ಒಂದು ಫೋನ್ ಕರೆ, ಹತ್ತು ಕ್ರಿಯಾಪದ

ಪ್ರಿಯ ತಂಗಿ,

ನಿನ್ನ ಲೇಖನವನ್ನೂ ಅದರ ಮೇಲೆ ಪತ್ರಿಕೆಯ ಸಂಪಾದಕೀಯ ಡೆಸ್ಕಿನವರು ಹಾಕಿದ ಗೀಟುಗಳನ್ನೂ ನೋಡಿದೆ. 2019ರ ಜುಲೈ 25ರಂದು ಡೊನಾಲ್ಡ್ ಟ್ರಂಪ್ ಅವರು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಅವರೊಂದಿಗೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡಿದ್ದನ್ನು ನೀನು ‘ಒತ್ತಡ ಹೇರಿದರು’ ಎಂದು ಬರೆದೆ. ಅವರು ಅದನ್ನು ‘ಮಾತುಕತೆ ನಡೆಸಿದರು’ ಎಂದು ತಿದ್ದಿದರು. ನನ್ನ ಪ್ರಕಾರ ಎರಡೂ ಕೆಟ್ಟವೇ. ನಿನ್ನದು ತೀರ್ಪನ್ನು ವರದಿಯ ಜಾಗದಲ್ಲಿ ಕೂರಿಸಿದೆ, ಅವರದು ಸುದ್ದಿಯನ್ನೇ ನುಂಗಿದೆ. ಇವೆರಡರ ನಡುವೆ ಮೂರನೆಯ ಮೆತ್ತನೆಯ ಪದಕ್ಕಾಗಿ ತಡಕಾಡಬೇಡ. ಕಾಗದಕ್ಕೆ ಹಿಂದಿರುಗು.

ಕಾಗದ ಎಂದರೆ ಶ್ವೇತಭವನ ಆ ವರ್ಷ ಸೆಪ್ಟೆಂಬರ್ 25ರಂದು ಬಿಡುಗಡೆ ಮಾಡಿದ ಐದು ಪುಟ. ಎಲ್ಲರೂ ಅದನ್ನು ‘ಪ್ರತಿಲಿಪಿ’ ಅಂದರು, ನೀನೂ ಅಂದಿದ್ದೀಯ. ಅದು ಪ್ರತಿಲಿಪಿಯಲ್ಲ, ಕರ್ತವ್ಯದಲ್ಲಿದ್ದ ಸಿಬ್ಬಂದಿಯ ಬರಹ ಮತ್ತು ನೆನಪಿನಿಂದ ಸಿದ್ಧವಾದ ಟಿಪ್ಪಣಿ, ಅಕ್ಷರಶಃ ದಾಖಲೆಯಲ್ಲ ಎಂದು ಮೊದಲ ಪುಟದಲ್ಲೇ ಅಚ್ಚಾಗಿದೆ. ಕರೆಯನ್ನು ಕೇಳಿಸಿಕೊಂಡಿದ್ದ ಅಧಿಕಾರಿ ಅಲೆಕ್ಸಾಂಡರ್ ವಿಂಡ್‌ಮನ್, ಝೆಲೆನ್‌ಸ್ಕಿ ‘ಬುರಿಸ್ಮಾ’ (ಟ್ರಂಪ್ ಅವರ ಎದುರಾಳಿ ಜೋ ಬೈಡನ್ ಅವರ ಮಗ ನಿರ್ದೇಶಕರಾಗಿದ್ದ ಉಕ್ರೇನಿನ ಅನಿಲ ಕಂಪನಿ) ಎಂದು ಹೆಸರನ್ನೇ ಹೇಳಿದ್ದರು, ಟಿಪ್ಪಣಿಯಲ್ಲಿ ಅದು ಬರೀ ‘ಕಂಪನಿ’ ಆಗಿದೆ ಎಂದು ಸಾಕ್ಷ್ಯ ನುಡಿದರು. ಹಾಗಾಗಿ ಮೊದಲ ಉಲ್ಲೇಖದ ಹತ್ತಿರ ‘ಶ್ವೇತಭವನದ ಟಿಪ್ಪಣಿಯ ಪ್ರಕಾರ’ ಎಂದು ಒಮ್ಮೆ ಬರೆ. ಪ್ರತಿ ಸಾಲಿಗೂ ಬೇಡ, ಓದುವವರಿಗೆ ಬಿಕ್ಕಳಿಕೆ ಬಂದಂತಾಗುತ್ತದೆ.

ಈಗ ಜಗಳದ ಮೂಲಕ್ಕೆ ಬರೋಣ. ಎರಡನೆಯ ಪುಟದ ಕೊನೆಯಲ್ಲಿ ಝೆಲೆನ್‌ಸ್ಕಿ, ಇನ್ನಷ್ಟು ಜಾವೆಲಿನ್ ಕ್ಷಿಪಣಿ ಕೊಳ್ಳಲು ಸಿದ್ಧರಾಗುತ್ತಿದ್ದೇವೆ ಎನ್ನುತ್ತಾರೆ. ಮೂರನೆಯ ಪುಟದ ಮೊದಲ ಸಾಲಿನಲ್ಲೇ ಟ್ರಂಪ್, ನೀವು ನಮಗೊಂದು ಉಪಕಾರ ಮಾಡಬೇಕು ಎಂದು ಬಯಸುತ್ತೇನೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಮಾತಿಗೆ ‘ದೋ’ (though) ಎಂಬ ಪುಟ್ಟ ಪದ ಅಂಟಿಕೊಂಡಿದೆ. ಕನ್ನಡಕ್ಕೆ ತರುವಾಗ ಅದು ‘ಆದರೆ’ ಆಗಿ ವಾಕ್ಯದ ತಲೆಗೆ ಏರುತ್ತದೆ, ಏರಿದ ಕೂಡಲೇ ಷರತ್ತಿನಂತೆ ಕೇಳಿಸುತ್ತದೆ. ಬಿಟ್ಟರೆ ಕ್ಷಿಪಣಿಯ ಮಾತಿಗೂ ಉಪಕಾರದ ಮಾತಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ವಿರೋಧಿಗಳು ಅದನ್ನು ಷರತ್ತು ಎಂದೇ ಓದಿದರು, ಬೆಂಬಲಿಗರು ವಿಷಯ ಬದಲಾದದ್ದಷ್ಟೇ ಎಂದರು. ನಿನ್ನ ಕೆಲಸ ಇಷ್ಟು: ‘ಆದರೆ’ಯನ್ನು ಇಟ್ಟುಕೊ, ಅದರ ಹಿಂದಿನ ಜಾವೆಲಿನ್ ವಾಕ್ಯವನ್ನೂ ಕೊಡು. ಉಲ್ಲೇಖದ ಹಿಂದೆ ಒಂದು ವಾಕ್ಯ, ಮುಂದೆ ಒಂದು ವಾಕ್ಯ ಇಲ್ಲದೆ ಇಂಥ ಮಾತನ್ನು ಅಚ್ಚಿಗೆ ಕಳಿಸಬೇಡ.

ಮುಂದಿನ ವಾಕ್ಯ ಯಾಕೆ ಬೇಕು ಅಂದರೆ, ಹೆಚ್ಚಿನವರು ಎಡವಿದ್ದು ಅಲ್ಲೇ. ‘ಉಪಕಾರ’ ಎಂದ ತಕ್ಷಣ ಟ್ರಂಪ್ ಎತ್ತಿದ್ದು ಕ್ರೌಡ್‌ಸ್ಟ್ರೈಕ್ (2016ರಲ್ಲಿ ಡೆಮಾಕ್ರಟಿಕ್ ಪಕ್ಷದ ಕಂಪ್ಯೂಟರಿಗೆ ಬಿದ್ದ ಕನ್ನದ ತನಿಖೆ ಮಾಡಿದ ಸೈಬರ್ ಭದ್ರತಾ ಕಂಪನಿ) ಮತ್ತು ಆ ಪಕ್ಷದ ಸರ್ವರ್ ವಿಷಯ. ಬೈಡನ್ ಮಗನ ಮಾತು ಬರುವುದು ನಾಲ್ಕನೆಯ ಪುಟದಲ್ಲಿ, ನಡುವೆ ಝೆಲೆನ್‌ಸ್ಕಿಯವರ ದೀರ್ಘ ಉತ್ತರವಿದೆ. ನೀನು ‘ಉಪಕಾರ’ದ ಮುಂದೆ ಮೂರು ಚುಕ್ಕಿ ಇಟ್ಟು ನೇರವಾಗಿ ಬೈಡನ್‌ಗೆ ಹಾರಿದ್ದೀಯ. ಆ ಮೂರು ಚುಕ್ಕಿ ಒಂದು ಪುಟವನ್ನೇ ತಿಂದಿವೆ. ಎರಡೂ ಒಂದೇ ಉಪಕಾರದ ಭಾಗವೆಂದು ವಾದಿಸಬಹುದು, ಅನೇಕರು ವಾದಿಸಿದರು. ಆ ವಾದ ಅವರ ಹೆಸರಿನಲ್ಲಿ ಬರಲಿ, ನಿನ್ನ ಚುಕ್ಕಿಗಳಲ್ಲಲ್ಲ.

ಉಕ್ರೇನಿಗೆ ಕೊಡಬೇಕಿದ್ದು ಟ್ರಂಪ್ ಸರ್ಕಾರ ತಡೆಹಿಡಿದಿದ್ದ ಮಿಲಿಟರಿ ನೆರವಿನದೂ ಇದೇ ಕಥೆ. ಅದು ಸುಮಾರು 39 ಕೋಟಿ ಡಾಲರ್ (39 ಮಿಲಿಯನ್ ಎಂದಿದ್ದೀಯ, ಸೊನ್ನೆ ಜಾರಿದೆ), ಬಿಡುಗಡೆಯಾದದ್ದು ಸೆಪ್ಟೆಂಬರ್ 11ರಂದು. ಆ ತಡೆಯ ಬಗ್ಗೆ ಟಿಪ್ಪಣಿಯಲ್ಲಿ ಒಂದು ಮಾತೂ ಇಲ್ಲ. ಆದ್ದರಿಂದ ಅದಕ್ಕೆ ಅದರದೇ ವಾಕ್ಯ, ಅದರದೇ ತಾರೀಕು ಕೊಡು. ‘ಹೀಗಾಗಿ’, ‘ಇದಕ್ಕಾಗಿಯೇ’ ಎಂಬ ಅಂಟು ಹಚ್ಚಬೇಡ. ಹಾಗೆಂದು ಬಿಡಲೂ ಬೇಡ. ಆ ತಡೆ ಕಾನೂನಿನ ಉಲ್ಲಂಘನೆ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2020ರ ಜನವರಿಯಲ್ಲಿ ಹೇಳಿತು. ಹೇಳಿದವರ ಹೆಸರಿನೊಂದಿಗೆ ಬರೆದರೆ ಅದು ಪಕ್ಷಪಾತವಾಗುವುದಿಲ್ಲ. ನನ್ನನ್ನು ಯಾರೂ ಒತ್ತಾಯಿಸಲಿಲ್ಲ ಎಂದು ಝೆಲೆನ್‌ಸ್ಕಿ ನ್ಯೂಯಾರ್ಕಿನಲ್ಲಿ ಹೇಳಿದ್ದೂ ಹಾಗೆಯೇ ಬರಬೇಕು.

ಇನ್ನು ನಮ್ಮ ಭಾಷೆಯದೇ ತಂಟೆ. ಕನ್ನಡದಲ್ಲಿ ಪಕ್ಷಪಾತ ವಿಶೇಷಣಕ್ಕಿಂತ ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ. ‘ಕೇಳಿದರು’ ಎಂದರೆ ಕೇಳಿದ್ದು; ‘ಕೇಳಿಕೊಂಡರು’ ಎಂದರೆ ಕೈ ಜೋಡಿಸಿದ್ದು. ‘ಹೇಳಿಕೊಂಡರು’ ಎಂದಾಗ ನೀನು ನಂಬಲಿಲ್ಲವೆಂದು ಓದುಗರಿಗೆ ಗೊತ್ತಾಗಿಬಿಡುತ್ತದೆ. ‘ಒಪ್ಪಿಕೊಂಡರು’ ತಪ್ಪು ಹೊರಿಸುತ್ತದೆ, ‘ಸ್ಪಷ್ಟಪಡಿಸಿದರು’ ಸತ್ಯದ ಮುದ್ರೆ ಒತ್ತುತ್ತದೆ, ‘ಬಯಲಾಯಿತು’ ಯಾರೋ ಮುಚ್ಚಿಟ್ಟಿದ್ದರು ಎನ್ನುತ್ತದೆ. ತಾಕೀತು, ಗುಡುಗು, ತಿರುಗೇಟುಗಳ ಬಗ್ಗೆ ಹೇಳುವುದೇ ಬೇಡ.

ಇದರ ಬೆಲೆ ತಿಳಿಯಬೇಕಾದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಕರೆ ನೋಡು. 2021ರ ಜನವರಿ 2ರಂದು ಟ್ರಂಪ್, ಆ ರಾಜ್ಯದ ಚುನಾವಣೆ ನೋಡಿಕೊಳ್ಳುವ ಬ್ರಾಡ್ ರಾಫೆನ್ಸ್‌ಪರ್ಗರ್ ಅವರೊಂದಿಗೆ ಸುಮಾರು ಒಂದು ಗಂಟೆ ಮಾತನಾಡಿದರು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ಬೈಡನ್ ಅವರ ಗೆಲುವಿನ ಅಂತರ 11,779 ಮತ. ಟ್ರಂಪ್ ಆಡಿದ್ದು: 11,780 ಮತ ಹುಡುಕಬೇಕು, ನನಗೆ ಅಷ್ಟೇ ಬೇಕಾಗಿರುವುದು. ಇದನ್ನು ‘ಹುಡುಕಿಕೊಡಿ’ ಎಂದು ಬರೆದೆಯೋ, ‘ಕೊಡಿ’ ಎಂಬ ಎರಡಕ್ಷರ ಆಸೆಯನ್ನು ಅಪ್ಪಣೆಯಾಗಿ ಮಾರ್ಪಡಿಸಿತು. ‘ಬೆದರಿಸಿದರು’ ಎಂಬುದರ ಬದಲು, ಇದು ಕ್ರಿಮಿನಲ್ ಅಪರಾಧ, ನಿಮಗೆ ದೊಡ್ಡ ಅಪಾಯ ಎಂದರು ಎಂದು ಬರೆ. ಮಾತೇ ಎದುರಿಗಿರುವಾಗ ಹಣೆಪಟ್ಟಿ ಯಾಕೆ? ಇಲ್ಲಿ ಧ್ವನಿಮುದ್ರಣವೇ ಇದೆ, ಮಾರನೆಯ ದಿನವೇ ಹೊರಬಂತು. ಹಾಗಾಗಿ ‘ಎನ್ನಲಾದ ಕರೆ’ ಎಂದು ಬರೆಯುವುದು ಎಚ್ಚರಿಕೆಯಲ್ಲ, ಅಳುಕು.

ಧ್ವನಿಮುದ್ರಣ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಅದೇ ರಾಜ್ಯದಲ್ಲಿ ಉದಾಹರಣೆಯಿದೆ. 2020ರ ಡಿಸೆಂಬರಿನಲ್ಲಿ ಟ್ರಂಪ್ ಅಲ್ಲಿನ ಚುನಾವಣಾ ತನಿಖಾಧಿಕಾರಿಯೊಬ್ಬರಿಗೆ ಕರೆ ಮಾಡಿದ್ದರು. ‘ವಂಚನೆಯನ್ನು ಹುಡುಕಿ’ ಎಂದರು, ‘ರಾಷ್ಟ್ರೀಯ ವೀರ’ರಾಗುತ್ತೀರಿ ಎಂದರು ಎಂದು ವಾಷಿಂಗ್ಟನ್ ಪೋಸ್ಟ್ ಹೆಸರು ಹೇಳದ ಮೂಲದ ಮಾತು ನಂಬಿ ಪ್ರಕಟಿಸಿತು. 2021ರ ಮಾರ್ಚಿನಲ್ಲಿ ಧ್ವನಿಮುದ್ರಣ ಸಿಕ್ಕಿತು. ಆ ಪದಗಳು ಅದರಲ್ಲಿ ಇರಲಿಲ್ಲ. ಫುಲ್ಟನ್ ಕೌಂಟಿಯ ಮತಪತ್ರ ನೋಡಿದರೆ ಅಪ್ರಾಮಾಣಿಕತೆ ಕಾಣುತ್ತದೆ, ಈಗ ದೇಶದಲ್ಲೇ ಮುಖ್ಯವಾದ ಕೆಲಸ ನಿಮ್ಮದು ಎಂಬ ಅರ್ಥದ ಮಾತುಗಳಿದ್ದವು. ಪತ್ರಿಕೆ ತಿದ್ದುಪಡಿ ಹಾಕಬೇಕಾಯಿತು. ಸಾರಾಂಶ ತೀರಾ ದೂರವೇನೂ ಇರಲಿಲ್ಲ. ಸಾರಾಂಶಕ್ಕೆ ಉದ್ಧರಣ ಚಿಹ್ನೆ ತೊಡಿಸಿದ್ದೇ ಮುಳುವಾಯಿತು. ಎರಡನೆಯವರ ಬಾಯಿಂದ ಕೇಳಿದ ಮಾತಿಗೆ ಆ ಚಿಹ್ನೆ ಹಾಕಬೇಡ.

ಇನ್ನೆರಡು ಸಣ್ಣ ತಿದ್ದುಪಡಿ. ಉಕ್ರೇನ್ ಕರೆಗಾಗಿ ನಡೆದ ‘ವಾಗ್ದಂಡನೆ’ (ಇಂಪೀಚ್ಮೆಂಟ್) ಎಂದರೆ ಅನೇಕ ಓದುಗರು ಪದಚ್ಯುತಿ ಎಂದುಕೊಳ್ಳುತ್ತಾರೆ. ಕೆಳಮನೆ 2019ರ ಡಿಸೆಂಬರ್ 18ರಂದು ದೋಷಾರೋಪ ಹೊರಿಸಿತು, ಸೆನೆಟ್ 2020ರ ಫೆಬ್ರುವರಿ 5ರಂದು ಖುಲಾಸೆ ಮಾಡಿತು ಎಂದು ಬಿಡಿಸಿ ಬರೆ. ‘ವಿವಾದಾತ್ಮಕ ಕರೆ’ಯನ್ನು ಹೊಡೆದುಹಾಕು. ಯಾರು ಆಕ್ಷೇಪಿಸಿದರು, ಯಾಕೆ ಎಂಬುದನ್ನು ಅಲ್ಲಿ ಹಾಕು.

ಡೆಸ್ಕಿಗೆ ಹೀಗೆ ಕಳಿಸಿ ನೋಡು: ‘ಝೆಲೆನ್‌ಸ್ಕಿ ಕ್ಷಿಪಣಿ ಖರೀದಿಯ ಮಾತೆತ್ತಿದಾಗ ಟ್ರಂಪ್, “ಆದರೆ ನೀವು ನಮಗೊಂದು ಉಪಕಾರ ಮಾಡಬೇಕು ಎಂದು ಬಯಸುತ್ತೇನೆ” ಎಂದರು, ಮೊದಲು ಸರ್ವರ್ ವಿಷಯವನ್ನೂ ನಂತರ ಬೈಡನ್ ಮಗನ ವಿಷಯವನ್ನೂ ಪರಿಶೀಲಿಸುವಂತೆ ಕೇಳಿದರು ಎಂದು ಶ್ವೇತಭವನದ ಟಿಪ್ಪಣಿ ಹೇಳುತ್ತದೆ. ಇದು ಅಧಿಕಾರದ ದುರುಪಯೋಗ ಎಂದು ಡೆಮಾಕ್ರಟಿಕ್ ಪಕ್ಷ, ನಿರ್ದೋಷವಾದ ಕರೆ ಎಂದು ಟ್ರಂಪ್.’ ಜೊತೆಗೆ ಎರಡರಿಂದ ನಾಲ್ಕನೆಯ ಪುಟದವರೆಗಿನ ಪ್ರತಿಯನ್ನೂ ಲಗತ್ತಿಸು. ಈ ಬಾರಿ ಯಾವ ಪದಕ್ಕೆ ಗೀಟು ಹಾಕುತ್ತಾರೋ ನನಗೆ ಬರೆ.

ನಿನ್ನ ಅಣ್ಣ