ನಿಂಬೆಹಣ್ಣು ಇಳಿಸುವ ಮುಂಚೆ ಮಗುವನ್ನು ಕೇಳಿ: ಮುಜರಾಯಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯವನ್ನು ಮುಜರಾಯಿ ಇಲಾಖೆಗೆ ಯಾಕೆ ಬರೆಯುತ್ತೀರಿ, ಅದಕ್ಕೆ ಮಹಿಳಾ ಮತ್ತು ಮಕ್ಕಳ ಇಲಾಖೆ ಇದೆಯಲ್ಲ ಎಂದು ನಿಮ್ಮ ಕಚೇರಿಯವರು ಕೇಳಬಹುದು. ನಮ್ಮ ಕಡೆ ಮಗು ಇದ್ದಕ್ಕಿದ್ದಂತೆ ಮಾತು ಬಿಟ್ಟರೆ, ರಾತ್ರಿ ಕಿರುಚಿ ಎದ್ದರೆ, ಮೊದಲು ಹೋಗುವುದು ಆಸ್ಪತ್ರೆಗಲ್ಲ. ‘ಗಾಳಿ ಸೋಕಿದೆ’ ಅಂತ ದೇವಸ್ಥಾನಕ್ಕೆ ಹೋಗುತ್ತಾರೆ, ದರ್ಗಾಕ್ಕೆ ಹೋಗುತ್ತಾರೆ. ಚಿಕ್ಕಂದಿನ ಗಾಯವನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡ ದೊಡ್ಡವರೂ ಅಲ್ಲಿಗೇ ಬರುತ್ತಾರೆ. 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳು ನಿಮ್ಮ ಇಲಾಖೆಯ ಕೆಳಗಿವೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನೂ ಹಾಗೆ ಹೋದವಳು. ಊರು, ದೇವರ ಹೆಸರು ಬೇಡ. ಆಗ ನನಗೆ ಹತ್ತು ವರ್ಷ. ಪೂಜೆಯವರು ನಕ್ಷತ್ರ ಕೇಳಿದರು, ರಾಶಿ ಕೇಳಿದರು, ಹೊತ್ತಲ್ಲದ ಹೊತ್ತಿನಲ್ಲಿ ಹುಣಸೆಮರದ ಕೆಳಗೆ ಹೋಗಿದ್ದಳಾ ಅಂತ ಅಮ್ಮನನ್ನು ಕೇಳಿದರು. ನಿಂಬೆಹಣ್ಣು ಇಳಿಸಿದರು. ತೋಳಿಗೆ ಕಪ್ಪು ದಾರ ಕಟ್ಟಿದರು. ‘ಏನಾಯ್ತವ್ವ?’ ಅಂತ ಮಾತ್ರ ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಹಾಗೆ ಮಾಡಿದ ಸಂಬಂಧಿಕನೇ ನಮ್ಮನ್ನು ಜೀಪಿನಲ್ಲಿ ಕರೆದುಕೊಂಡು ಬಂದಿದ್ದ. ತಟ್ಟೆಗೆ ದಕ್ಷಿಣೆ ಹಾಕಿದವನೂ ಅವನೇ. ‘ಪೂರ್ವಜನ್ಮದ ಕರ್ಮ, ಕಳೀತದೆ ಬಿಡಿ’ ಎಂದರು ಪೂಜೆಯವರು. ಅವನು ಭಕ್ತಿಯಿಂದ ಕೈಮುಗಿದ.

ಮೊದಲ ಸಲ ನೆಮ್ಮದಿ ಸಿಕ್ಕಿದ್ದೂ ಅದೇ ದೇವಸ್ಥಾನದಲ್ಲಿ. ಸೇವೆಗೆಂದು ಅಮ್ಮ, ನಾನು ಕೆಲವು ದಿನ ಅಲ್ಲೇ ಉಳಿದೆವು. ಅವನು ಊರಿಗೆ ವಾಪಸ್ ಹೋಗಿದ್ದ. ದಾಸೋಹದ ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ಮೊರಕ್ಕೆ ಅಕ್ಕಿ ಸುರಿದು, ಕಲ್ಲು ಆರಿಸಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮಾತಾಡು ಅಂತ ಪೀಡಿಸಲಿಲ್ಲ. ಸಂಜೆ ಭಜನೆಯಲ್ಲಿ ಕೈಗೆ ತಾಳ ಕೊಡುತ್ತಿದ್ದರು. ರಾತ್ರಿ ಹೆಂಗಸರ ಸಾಲಿನ ನಡುವೆ ಮಲಗುತ್ತಿದ್ದೆ, ನಿದ್ದೆ ಬರುತ್ತಿತ್ತು. ದೇವರು ಕೊಟ್ಟ ನಿದ್ದೆಯೋ, ಅಜ್ಜಿ ಕೊಟ್ಟದ್ದೋ ಬಿಡಿಸಿ ಹೇಳಲಾರೆ. ಇವತ್ತಿಗೂ ಭಜನೆಗೆ ಹೋಗುತ್ತೇನೆ.

ನಿಮ್ಹಾನ್ಸ್ ಸಂಶೋಧಕರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ಉಳಿದುಕೊಂಡಿದ್ದ 31 ಜನರನ್ನು ಗಮನಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಿದ್ದಾರೆ. ಸರಾಸರಿ ಆರು ವಾರ ಅಲ್ಲಿದ್ದವರ ರೋಗಲಕ್ಷಣ ಸುಮಾರು ಶೇ 20ರಷ್ಟು ತಗ್ಗಿತ್ತು. ದೆವ್ವ ಬಿಡಿಸುವ ವಿಶೇಷ ಪೂಜೆ ಏನೂ ಅಲ್ಲಿರಲಿಲ್ಲ. ಹೆದರಿಸದ ಜಾಗ, ಜೊತೆಗೊಬ್ಬರು ಮನೆಯವರು, ಗುಡಿಯ ಸಣ್ಣಪುಟ್ಟ ಕೆಲಸ, ಅಷ್ಟೇ. ಅವರು ನೋಡಿದ್ದು ತೀವ್ರ ಮಾನಸಿಕ ಕಾಯಿಲೆಯವರನ್ನು, ನನ್ನಂಥವರನ್ನಲ್ಲ, ನಿಜ. ಆದರೂ ಓದುವಾಗ ನನಗೆ ಆ ಮೊರವೇ ಕಣ್ಣ ಮುಂದೆ ಬಂತು.

ಹಾಗಂತ ಎಲ್ಲವನ್ನೂ ದೇವರ ಮೇಲೆ ಹಾಕಿ ಕೂರೋಕಾಗುತ್ತಾ? ‘ಕರ್ಮ’ ಅಂದರೆ ಮಗುವಿಗೆ ‘ತಪ್ಪು ನಿಂದೇ’ ಅಂತ ಕೇಳಿಸುತ್ತದೆ. ನಾನು ದೊಡ್ಡವಳಾದ ಮೇಲೆ ಇನ್ನೊಬ್ಬ ಗುರುಗಳು ‘ಕ್ಷಮಿಸಿಬಿಡು, ಹಗುರಾಗ್ತೀಯ’ ಎಂದರು. ಕ್ಷಮಿಸೋದು ಬಿಡೋದು ನನ್ನಿಷ್ಟ. ಹರಕೆ ಥರ ಅದನ್ನು ನನ್ನ ತಲೆಗೆ ಕಟ್ಟಬಾರದು, ಅಲ್ವಾ? ಅಷ್ಟಕ್ಕೂ ಆ ಸಂಬಂಧಿಕನ ಮನೆಯಲ್ಲಿ ಆಗ ಇನ್ನೂ ಸಣ್ಣ ಹೆಣ್ಣುಮಕ್ಕಳಿದ್ದರು. ನನ್ನ ಮನಸ್ಸು ಹಗುರಾದರೆ ಅವರಿಗೇನು ಬಂತು?

2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಇಂಥದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆ ಇದೆ. ಅರ್ಚಕರಿಗೆ, ಸ್ವಾಮಿಗಳಿಗೆ ವಿನಾಯಿತಿ ಇಲ್ಲ. ಎಷ್ಟು ಅರ್ಚಕರಿಗೆ ಇದನ್ನು ಯಾರಾದರೂ ಕೂರಿಸಿ ಹೇಳಿದ್ದಾರೆ? ಚಿಕ್ಕಂದಿನಲ್ಲಿ ಆದದ್ದಕ್ಕೆ ದೊಡ್ಡವರಾದ ಮೇಲೂ ದೂರು ಕೊಡಬಹುದು ಎಂದು 2018ರಲ್ಲಿ ಕೇಂದ್ರ ಸರ್ಕಾರವೇ ಹೇಳಿದೆ. ಅದೂ ಜಾಸ್ತಿ ಜನಕ್ಕೆ ಗೊತ್ತಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು ನಮ್ಮ ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ಅಪರಾಧ ಎನ್ನುತ್ತದೆ. ಪ್ರದಕ್ಷಿಣೆ, ಭಜನೆಯನ್ನು ಅದು ಮುಟ್ಟುವುದಿಲ್ಲ. ನನಗೂ ಬೇಕಿರುವುದು ಅಷ್ಟೇ.

ಗಾಣಗಾಪುರದಲ್ಲಿ ಮಹಾಮಂಗಳಾರತಿ ಹೊತ್ತಿಗೆ ಮೈಮೇಲೆ ಬಂದವರು ಕಂಬ ಹಿಡಿದು ಕೂಗುವುದನ್ನು ನೀವು ನೋಡಿರಬಹುದು. ಅವರೆಲ್ಲರ ಹಿಂದೆ ನನ್ನಂಥ ಕಥೆಯೇ ಇದೆ ಅಂತಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಕೆಲವು ಸಲ ಮೈ ಹೇಳುತ್ತದೆ ಅನ್ನುವುದು ಮನೋವೈದ್ಯರಿಗೆ ಗೊತ್ತಿರುವ ಮಾತೇ. ಆರೋಗ್ಯ ಇಲಾಖೆಯ ‘ಮನೋಚೈತನ್ಯ’ ಕ್ಲಿನಿಕ್ ನಡೆಯುವುದು ಮಂಗಳವಾರ, ತಾಲ್ಲೂಕು ಆಸ್ಪತ್ರೆಯಲ್ಲಿ. ಜನ ಬರುವುದು ಅಮಾವಾಸ್ಯೆ, ಹುಣ್ಣಿಮೆಗೆ, ದೇವಸ್ಥಾನಕ್ಕೆ. ಆ ದಿನ ಒಬ್ಬ ಆಪ್ತಸಮಾಲೋಚಕಿಯನ್ನು ದೇವಸ್ಥಾನಕ್ಕೇ ಕಳಿಸಿ ಎಂದು ಆರೋಗ್ಯ ಸಚಿವರಿಗೆ ನೀವು ಒಂದು ಮಾತು ಹೇಳಬಾರದೇ? ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ (ಔಷಧಿ-ಪ್ರಾರ್ಥನೆ) ಹೆಸರಿನಲ್ಲಿ ಇಂಥದ್ದನ್ನು ಮಾಡಿದ್ದಾರೆ. ಪ್ರಾರ್ಥನೆ ಮಾಡುವ ಮುಜಾವರರೇ ಜನರನ್ನು ಪಕ್ಕದ ವೈದ್ಯರ ಹತ್ತಿರ ಕಳಿಸುತ್ತಾರೆ. ಯಾರ ನಂಬಿಕೆಯನ್ನೂ ಕಿತ್ತುಕೊಂಡಿಲ್ಲ.

ಇನ್ನೊಂದು, ಇದಕ್ಕೆ ಬೇರೆ ಇಲಾಖೆಯನ್ನು ಕೇಳುವ ಅಗತ್ಯವೂ ಇಲ್ಲ. ‘ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕಳಿಸಿ’ ಅನ್ನುವ ಯಾವ ಪೂಜೆಯೂ ನಿಮ್ಮ ದೇವಸ್ಥಾನಗಳಲ್ಲಿ ನಡೆಯಕೂಡದು. ಮಗುವನ್ನು ಮನೆಯವರಿಂದ ಸ್ವಲ್ಪ ದೂರ, ಎಲ್ಲರಿಗೂ ಕಾಣುವ ಜಾಗದಲ್ಲಿ ಕೂರಿಸಿ, ಹೆಂಗಸೊಬ್ಬರು ಮೊದಲು ಮಾತಾಡಿಸಲಿ. ಕರೆತಂದವರೇ ಕಾರಣ ಆಗಿರಬಹುದು. ಸೇವಾ ದರಪಟ್ಟಿಯ ಪಕ್ಕ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಇವೆರಡು ನಂಬರ್ ಬರೆಸಿ. ಹೆಂಗಸರ ಶೌಚಾಲಯದ ಬಾಗಿಲ ಒಳಗೂ ಬರೆಸಿ. ಅಲ್ಲಿ ಯಾರೂ ಪಕ್ಕದಲ್ಲಿ ನಿಂತು ನೋಡುತ್ತಿರುವುದಿಲ್ಲ.

ಪ್ರಸಾದಕ್ಕೆ ನಂದಿನಿ ತುಪ್ಪವನ್ನೇ ಬಳಸಿ ಎಂದು 2024ರಲ್ಲಿ ನಿಮ್ಮ ಇಲಾಖೆ ಸುತ್ತೋಲೆ ಹೊರಡಿಸಿತ್ತು. ಒಂದೇ ಕಾಗದ, ಎಲ್ಲ ದೇವಸ್ಥಾನಕ್ಕೂ ತಲುಪಿತು. ಇದಕ್ಕೂ ಅಂಥದ್ದೇ ಒಂದು ಕಾಗದ ಸಾಕು. ಮುಂದಿನ ಜಾತ್ರೆಗಳು ಶುರುವಾಗುವ ಮುಂಚೆ ಹೊರಡಿಸುತ್ತೀರಾ?

ಇಂತಿ,
ನಿಮ್ಮ ಇಲಾಖೆಯ ದೇವಸ್ಥಾನವೊಂದರ ಭಕ್ತೆ